ಹಾಸುಬಂಡೆ ಸೀಮೆಗೆ ಹೊಂದುವ ಸಾಮಾನು: ಮಚ್ಚು, ಕಂಬಳಿ, ಟಾರ್ಪಾಲು, ಹಗ್ಗ

ಬಯಲಲ್ಲಿ ರಾತ್ರಿ ಕಳೆಯೋಣ ಅಂತ ಮೊದಲ ಸಲ ಹೊರಟಾಗ ನನ್ನ ಹತ್ತಿರ ಇದ್ದದ್ದು ಆನ್‌ಲೈನಿನಲ್ಲಿ ತರಿಸಿದ ಹೊಸ ಟೆಂಟು. ಮಧುಗಿರಿ ಕಡೆ ಗೆಳೆಯನ ಹೊಲ. ಹೊಲದ ತಲೆಯಲ್ಲಿ ಹಾಸುಬಂಡೆ, ಅದರ ಮೇಲೆ ನಾಲ್ಕು ಬೆರಳು ಮಣ್ಣು. ಟೆಂಟಿನ ಜೊತೆ ಬಂದಿದ್ದ ಗೂಟಗಳು ಅಷ್ಟೇ ಇಳಿದು ಠಣ್ ಅಂದವು. ನಡುರಾತ್ರಿ ಗಾಳಿ ಎದ್ದಿದ್ದೇ ತಡ, ಗೂಟಗಳೆಲ್ಲ ಕಿತ್ತು ಬಂದವು, ಟೆಂಟಿನ ಕಡ್ಡಿ ನಡುವೆ ಸೀಳಿತು. ಕಡಲೆಕಾಯಿ ಹೊಲಕ್ಕೆ ಹಂದಿ ಕಾಯಲು ಮಲಗಿದ್ದ ಗೆಳೆಯನ ದೊಡ್ಡಪ್ಪ ಬ್ಯಾಟರಿ ಹಿಡಿದು ಬಂದರು. "ಗೂಟಕ್ಕೆ ನೆಲ ಬೇಕು ಕಣಪ್ಪ, ಇಲ್ಲಿರೋದು ಬಂಡೆ" ಅಂದವರು ನಾಲ್ಕು ಗುಂಡುಕಲ್ಲು ಉರುಳಿಸಿ, ಹಗ್ಗ ಸುತ್ತಿ, ಬಟ್ಟೆಯನ್ನು ಬಿಗಿದು, ತಮ್ಮ ಹೆಗಲ ಮೇಲಿದ್ದ ಕಂಬಳಿಯನ್ನೇ ನನಗೆ ಹೊದಿಸಿ ಹೋದರು.

ಆ ರಾತ್ರಿಯಿಂದ ನಾನು ಹಿಡಿದಿರುವ ದಾರಿ ಇದು: ಮೊದಲು ನಮ್ಮ ನೆಲ ಏನು ಕೇಳುತ್ತದೆ ಅಂತ ನೋಡಬೇಕು, ಸಾಮಾನು ಆಮೇಲೆ. ಈಗ ಬುಷ್‌ಕ್ರಾಫ್ಟ್ (ಕಾಡು, ಬಯಲಿನಲ್ಲಿ ಕಡಿಮೆ ಸಾಮಾನಿನಿಂದ ದಿನ ಕಳೆಯುವ ಕಲೆ) ಅನ್ನುವ ಹೆಸರಿನಲ್ಲಿ ಸಿಗುವ ಪಟ್ಟಿಗಳೆಲ್ಲ ಹಿಮ ಬೀಳುವ, ಹೊಳೆ ಹರಿಯುವ ದೇಶದವರು ಬರೆದವು. ತುಮಕೂರಿನಲ್ಲಿ ನಮಗೆ ಎದುರಾಗುವುದು ಕಲ್ಲು, ಮುಳ್ಳು, ಬಿಸಿಲು, ನೀರಿನ ಬರ. ಮಳೆ ಜೋರಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಈ ನಾಲ್ಕನ್ನೂ ತಲೆತಲಾಂತರದಿಂದ ನಿಭಾಯಿಸಿಕೊಂಡು ಬಂದ ಕುರಿಗಾಹಿಗಳು, ರೈತರು ನಮ್ಮ ನಡುವೆಯೇ ಇದ್ದಾರೆ. ಅವರ ಹೆಗಲ ಮೇಲೆ, ಸೊಂಟದಲ್ಲಿ ಏನಿದೆ ಅಂತ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಜಾಗ

ಕಲಿಯುವುದಕ್ಕೆ ಸ್ವಂತ ಹೊಲ, ನೆಂಟರ ತೋಟ, ಊರ ಪಕ್ಕದ ಮಾವಿನ ತೋಪು ಸಾಕು. ಮಾಲೀಕರನ್ನು ಕೇಳಿಯೇ ಹೋಗಿ. ದೇವರಾಯನದುರ್ಗ, ಸಿದ್ಧರಬೆಟ್ಟದ ಸುತ್ತಿನ ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಬೆಂಕಿ ಹಾಕುವುದು, ಮರ ಕಡಿಯುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಕಾನೂನು ಬಿಡಿ, ಅಲ್ಲಿ ಚಿರತೆ, ಕರಡಿಗಳಿವೆ. ಕಲ್ಲುಬಂಡೆಗಳ ಸಂದಿಯೇ ಕರಡಿಯ ಮನೆ, ಸಂಜೆ ಹೊತ್ತು ಅದು ಹೊರಗೆ ಬರುತ್ತದೆ.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟಿದರೆ ಬೋಳುಬಂಡೆಯ ನೆತ್ತಿಯಲ್ಲಿ ಒಂದು ಗಳಿಗೆಯೂ ನಿಲ್ಲಬೇಡಿ. ಒಂಟಿ ಮರದ ಕೆಳಗೂ ಬೇಡ. ಸಿಡಿಲಿಗೆ ತಕ್ಕ ಸಾಮಾನು ಅಂತ ಯಾವುದೂ ಇಲ್ಲ.

ಮಚ್ಚು: ಆರಿಸುವುದು, ಸಾಣೆ ಹಿಡಿಯುವುದು

ಒಂದೇ ಒಂದು ಉಪಕರಣ ಕೊಳ್ಳುತ್ತೀರಿ ಅಂದರೆ ಅದು ಮಚ್ಚಾಗಿರಲಿ. ಇಲ್ಲಿನ ಕುಲುಮೆಗಳಲ್ಲಿ ಒಳ್ಳೆಯ ಮಚ್ಚುಗಳನ್ನು ಹಳೇ ಲಾರಿಯ ಕಮಾನು ಪಟ್ಟಿಯಿಂದ ಬಡಿಯುತ್ತಾರೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ. ಹದ ಹಾಕಿದರೆ (ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ) ಬಾಯಿ, ಅಂದರೆ ಕತ್ತರಿಸುವ ಅಂಚು, ಗಟ್ಟಿಯಾಗುತ್ತದೆ, ಹೊಡೆತಕ್ಕೆ ಮುರಿಯುವುದಿಲ್ಲ. ಸಂತೆಯಲ್ಲಿ ರಾಶಿ ಹಾಕಿ ಮಾರುವವು ಎಷ್ಟೋ ಸಲ ಸಾದಾ ಕಬ್ಬಿಣ. ನೋಡಲು ಎರಡೂ ಒಂದೇ. ಆದ್ದರಿಂದ ಒಂದು ಸಣ್ಣ ಅರ (ಫೈಲು) ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ ಬಾಯಿಯ ಮೇಲೆ ಒಂದು ಸಲ ಮೆಲ್ಲಗೆ ಎಳೆಯಿರಿ. ಅರ ಬೆಣ್ಣೆಯಂತೆ ಕಚ್ಚಿದರೆ ಮೆತ್ತಗಿನ ಕಬ್ಬಿಣ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಹದ ಅತಿಯಾಗಿದೆ, ಗಂಟಿನ ಕೊಂಬೆಗೆ ಬಿದ್ದರೆ ಚಕ್ಕೆ ಹಾರುತ್ತದೆ. ಕಷ್ಟಪಟ್ಟು ಸ್ವಲ್ಪ ಕಚ್ಚಿದರೆ ಅದೇ ಸರಿ.

ಮೂತಿ ಕೊಕ್ಕೆಯಾಗಿರುವ ಮಚ್ಚು ನಮ್ಮ ಸೀಮೆಗೆ ಮೇಲು. ಬಳ್ಳಾರಿ ಜಾಲಿಯ ಕೊಂಬೆಯನ್ನು ಕೈಯಲ್ಲಿ ಮುಟ್ಟದೆ ಕೊಕ್ಕೆಯಿಂದ ಎಳೆದು ಕತ್ತರಿಸಬಹುದು. ಎಡಗೈಯಲ್ಲಿ ಒಂದು ಕವೆಗೋಲು ಹಿಡಿದರೆ ಇನ್ನೂ ಸಲೀಸು. ಬೇಲಿ ಕಟ್ಟುವವರು ಮುಳ್ಳನ್ನು ಕವೆಯಿಂದ ಒತ್ತಿ ಹಿಡಿದು ಬುಡ ಕಡಿಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸಾಣೆಯ ವಿಷಯಕ್ಕೆ ಬರೋಣ. ನನ್ನ ಮೊದಲ ಮಚ್ಚನ್ನು ಒಂದು ವರ್ಕ್‌ಶಾಪಿನಲ್ಲಿ ತಿರುಗುವ ಕಲ್ಲಿಗೆ ಕೊಟ್ಟೆ. ಎರಡೇ ನಿಮಿಷದಲ್ಲಿ ಫಳಫಳ ಹೊಳೆಯಿತು. ವಾರದೊಳಗೆ ಬಾಯಿ ಮಡಚಿಕೊಂಡಿತು. ಕುಲುಮೆಗೆ ಒಯ್ದು "ಆಚಾರ್ರೇ, ಇದ್ಯಾಕೆ ಹಿಂಗಾಯ್ತು?" ಅಂತ ಕೇಳಿದೆ. ಅವರು ಮಚ್ಚನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಬಾಯಿಯುದ್ದಕ್ಕೂ ನವಿಲಿನ ಕತ್ತಿನಂಥ ನೀಲಿ ಗೆರೆ. "ಕಲ್ಲಿಗೆ ಕೊಟ್ಟು ಸುಟ್ಬಿಟ್ಟಿದೀಯಪ್ಪ. ನೀಲಿ ಬಂದ ಕಡೆ ಹದ ಹೋಯ್ತು." ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದಾಗ ಆ ನೀಲಿ ಬರುತ್ತದೆ, ಬಾಯಿ ಮೆತ್ತಗಾಗುತ್ತದೆ. ಅವರು ಅದನ್ನು ಮತ್ತೆ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಮೆಲ್ಲಗೆ ಬಿಸಿ ಮಾಡಿ ಬೆಲ್ಲದ ಬಣ್ಣ ಬರುತ್ತಿದ್ದಂತೆ ನಿಲ್ಲಿಸಿದರು. ಆ ಮಚ್ಚು ಇವತ್ತಿಗೂ ನನ್ನ ಹತ್ತಿರ ಇದೆ.

ಹಾಗಾಗಿ ಕೈಯಲ್ಲೇ ಸಾಣೆ ಹಿಡಿಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಕಡೆ ಒರಟು ಇನ್ನೊಂದು ಕಡೆ ನಯ ಇರುವ ಕಾರ್ಬೊರಂಡಮ್ ಕಲ್ಲು ಸಾಕು.

1. ತುಕ್ಕನ್ನು ಹುಣಸೆಹಣ್ಣು ಮತ್ತು ಬೂದಿ ಹಾಕಿ ತಿಕ್ಕಿ ತೊಳೆಯಿರಿ. ಬಾಯಿಯಲ್ಲಿ ಹಲ್ಲು ಬಿದ್ದಿದ್ದರೆ ಮೊದಲು ಅರದಿಂದ ಸಮ ಮಾಡಿ.

2. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒದ್ದೆ ಗೋಣಿತಟ್ಟಿನ ಮೇಲೆ ಅಲುಗದಂತೆ ಇಡಿ.

3. ಕಲ್ಲಿನ ಮೇಲೆ ಅಲಗನ್ನು ಎಷ್ಟು ಓರೆ ಹಿಡಿಯಬೇಕು ಅನ್ನುವುದೇ ಎಲ್ಲರಿಗೂ ತೊಡಕು. ಒಂದು ಚೌಕ ಕಾಗದ ತೆಗೆದುಕೊಳ್ಳಿ. ಮೂಲೆ 90 ಡಿಗ್ರಿ. ಕರ್ಣಕ್ಕೆ ಮಡಚಿದರೆ 45, ಅದೇ ಮೂಲೆಯನ್ನು ಇನ್ನೊಮ್ಮೆ ಮಡಚಿದರೆ 22.5. ಅಡುಗೆ ಚಾಕುವಿಗೆ ಇದಕ್ಕಿಂತ ಒಂದು ಎಳೆ ಕಡಿಮೆ, ಮಚ್ಚಿಗೆ ಒಂದು ಎಳೆ ಹೆಚ್ಚು. ಕಾಗದವನ್ನು ಕಲ್ಲಿನ ಪಕ್ಕ ನಿಲ್ಲಿಸಿಕೊಂಡು ನೋಡುತ್ತಾ ಹಿಡಿದರೆ ಎರಡು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

4. ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಆಚೆ ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ಕೂದಲೆಳೆಯಷ್ಟು ತರಿತರಿ ಸಿಗಬೇಕು. ಅದು ಸಿಗುವವರೆಗೆ ಬದಿ ಬದಲಿಸಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ, ಹತ್ತು ಸಲ ಉಜ್ಜಿ ತಿರುಗಿಸಿಬಿಡುತ್ತಾರೆ.

5. ಈಗ ಇನ್ನೊಂದು ಬದಿ. ಕೊನೆಗೆ ನಯ ಕಲ್ಲಿನ ಮೇಲೆ ಭಾರ ಬಿಡದೆ ಅತ್ತ ಒಂದು ಇತ್ತ ಒಂದು. ಹಳೇ ಚರ್ಮದ ಬೆಲ್ಟಿನ ಒಳಬದಿಯಲ್ಲಿ ಹಿಮ್ಮುಖವಾಗಿ ಹತ್ತು ಸಲ ಎಳೆದರೆ ಆ ತರಿ ಉದುರಿಹೋಗುತ್ತದೆ.

ಹೆಬ್ಬೆರಳು ದಪ್ಪದ ಹಸಿ ಲಂಟಾನ ಕಡ್ಡಿಯನ್ನು ಓರೆಯಾಗಿ ಒಂದೇ ಏಟಿಗೆ ತುಂಡು ಮಾಡಿದರೆ ಕೆಲಸಕ್ಕೆ ಸಿದ್ಧ.

ಒರೆಸಿ ಒಣಗಿಸಿದ ಮೇಲೆ ಕೊಬ್ಬರಿ ಎಣ್ಣೆ ಸವರಿ. ಹರಳೆಣ್ಣೆಯೂ ಆಗುತ್ತದೆ. ಸೂರ್ಯಕಾಂತಿ ಎಣ್ಣೆ ಬೇಡ, ಅದು ಕೆಲವೇ ದಿನದಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮರದ ಹಿಡಿಗೆ ಮಾತ್ರ ಹಾಗೆ ಒಣಗಿ ಗಟ್ಟಿಯಾಗುವ ಎಣ್ಣೆಯೇ ಬೇಕು, ಅಗಸೆ ಎಣ್ಣೆ ಅದಕ್ಕೆ ಹೇಳಿ ಮಾಡಿಸಿದ್ದು. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಮರವೆಲ್ಲ ಒಣಗಿ ಕುಗ್ಗುತ್ತದೆ, ಕೊಡಲಿಯ ಕಾವು, ಮಚ್ಚಿನ ಹಿಡಿ ಅಲ್ಲಾಡತೊಡಗುತ್ತವೆ. ನೀರಲ್ಲಿ ನೆನೆಹಾಕಿದರೆ ಅವತ್ತಿನ ಮಟ್ಟಿಗೆ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಕೊಡಲಿಗೆ ಹೊಸ ಬೆಣೆ ಹೊಡೆಯಿರಿ. ಮಚ್ಚಿನ ಹಿಡಿಯಾದರೆ ತೂತಿನೊಳಗೆ ಅರಗು ಮತ್ತು ಇಟ್ಟಿಗೆ ಪುಡಿ ತುಂಬಿ, ಅಲಗಿನ ಬಾಲವನ್ನು ಕಾಯಿಸಿ ಒತ್ತಿದರೆ ಅರಗು ಕರಗಿ ಕಚ್ಚಿಕೊಳ್ಳುತ್ತದೆ. ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲಿ, ಬಾಯಿಯ ಹದ ಕೆಡಬಾರದು.

ಒಯ್ಯುವಾಗ ಒಂದು ಎಚ್ಚರ. ಶಸ್ತ್ರಾಸ್ತ್ರ ನಿಯಮಾವಳಿ 2016ರಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಪ್ರಸ್ತಾಪವಿದೆ. ಮನೆಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಂತ ಬಸ್ಸಿನಲ್ಲಿ ಬಿಚ್ಚುಮಚ್ಚು ಹಿಡಿದು ಕೂರುವುದು ಸರಿಯಲ್ಲ. ಸೈಕಲ್ಲಿನ ಹಳೇ ಟೈರಿನ ತುಂಡನ್ನು ಸೀಳಿ ಬಾಯಿಗೆ ತೊಡಿಸಿ, ಗೋಣಿಯಲ್ಲಿ ಸುತ್ತಿ, ಚೀಲದ ತಳದಲ್ಲಿಡಿ.

ಕಂಬಳಿ

ಸ್ಲೀಪಿಂಗ್ ಬ್ಯಾಗು ಹಗುರ, ಒಪ್ಪುತ್ತೇನೆ. ನನ್ನ ಕಂಬಳಿ 2.4 ಕೆಜಿ ತೂಗುತ್ತದೆ. ಆದರೆ ಬೆಂಕಿಯ ಕಿಡಿ ಹಾರಿ ಬಿದ್ದರೆ ನೈಲಾನು ಕರಗಿ ತೂತಾಗುತ್ತದೆ, ಉಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಉಣ್ಣೆ ಮೈಗೆ ಒದ್ದೆ ಅನ್ನಿಸುವುದಿಲ್ಲ. ಶಿರಾ, ಪಾವಗಡ, ಪಕ್ಕದ ಚಳ್ಳಕೆರೆ ಸೀಮೆಯ ಕರಿ ಕಂಬಳಿ ಈ ಬಯಲಿನ ಕುರಿಯ ಉಣ್ಣೆಯಿಂದಲೇ ನೇಯ್ದದ್ದು. ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿರುವುದರಿಂದ ಹೊಸತರಲ್ಲಿ ಹಲಗೆಯಂತೆ ಬಿರುಸಾಗಿರುತ್ತದೆ. ಆ ಬಿರುಸು ಕಂಡು ಬೇಡ ಅನ್ನಬೇಡಿ, ತುಂತುರು ಮಳೆ ಜಾರಿ ಹೋಗುವುದು ಅದರಿಂದಲೇ.

ಅಸಲಿಯೋ ಅಲ್ಲವೋ ತಿಳಿಯಬೇಕಾದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅದು ಪ್ಲಾಸ್ಟಿಕ್ ನೂಲು.

ಕೊಪ್ಪೆ ಹಾಕುವುದನ್ನು ಕಲಿತರೆ ಇದೇ ಕಂಬಳಿ ರೇನ್‌ಕೋಟೂ ಹೌದು. ಉದ್ದಕ್ಕೆ ಎರಡಾಗಿ ಮಡಚಿ. ಒಂದು ತುದಿಯ ಅಂಚುಗಳೆರಡನ್ನೂ ಜೋಡಿಸಿ ಒಂದು ಮೊಳದುದ್ದ ದಪ್ಪ ದಾರದಿಂದ ಹೊಲಿಯಿರಿ, ಹೊಲಿಗೆ ಬೇಡವಾದರೆ ಎರಡು ಜಾಲಿಮುಳ್ಳು ಚುಚ್ಚಿದರೂ ಆಯಿತು. ಆ ಮೂಲೆ ತಲೆಗೆ ಟೋಪಿಯಂತೆ ಕೂರುತ್ತದೆ, ಉಳಿದದ್ದು ಬೆನ್ನು, ಹೆಗಲು, ಮೇಲೆ ಹೊತ್ತ ಚೀಲವನ್ನೂ ಮುಚ್ಚಿ ಮೊಣಕಾಲವರೆಗೆ ಇಳಿಯುತ್ತದೆ. ಕೈಗಳೆರಡೂ ಬಿಡುವು. ಖಾಲಿ ಗೋಣಿಯಲ್ಲೂ ಹೀಗೇ: ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ಮುಗಿಯಿತು. ಜೋರು ಮಳೆಗೆ ಮಾತ್ರ ಕಂಬಳಿಯನ್ನು ನಂಬಿ ಕೂರಬೇಡಿ. ಪೂರ್ತಿ ನೆಂದರೆ ಹೊರಲಾರದ ಭಾರ, ಒಣಗಲು ಎರಡು ದಿನ.

ಬಿಸಿನೀರು, ವಾಷಿಂಗ್ ಮಷಿನ್ ಎರಡೂ ಕಂಬಳಿಗೆ ಶತ್ರು, ಉಣ್ಣೆ ಮುದುಡಿ ಗಟ್ಟುತ್ತದೆ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಿರಿ, ಮಡಚುವಾಗ ನಡುವೆ ಒಣ ಬೇವಿನ ಸೊಪ್ಪು ಇಡಿ. ನಾಲ್ಕಾರು ವರ್ಷಕ್ಕೆ ಗಂಜಿ ಬಿಟ್ಟು ಜೋಲಾದರೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಲ್ಲಿ ಕುದಿಸಿ ತೆಳು ಸರಿ ಮಾಡಿ ಹಚ್ಚಬಹುದು.

ಟಾರ್ಪಾಲು ಮತ್ತು ಬಂಡೆ

ಟೆಂಟಿನ ಬದಲು ನಾನು ಈಗ ಒಯ್ಯುವುದು 9×12 ಅಡಿಯ ಟಾರ್ಪಾಲು. ಅದರ ಮೇಲೆ ಬರೆದಿರುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. 9×12 ಅಂದರೆ ಸುಮಾರು 10 ಚದರ ಮೀಟರ್, ಹಾಗಾಗಿ 120 ಜಿಎಸ್‌ಎಂ ಆದರೆ 1.2 ಕೆಜಿ, 200 ಆದರೆ 2 ಕೆಜಿ. ಕಣಕ್ಕೆ ಹಾಸಲು 200 ಬೇಕು, ಹೊತ್ತು ನಡೆಯಲು 120 ಸಾಕು. ಇದನ್ನು ಕೊಲ್ಲುವುದು ಬಿಸಿಲು. ಕೆಲಸ ಇಲ್ಲದಾಗ ಹೊರಗೆ ಹರಡಿ ಬಿಟ್ಟರೆ ಎರಡು ಬೇಸಿಗೆಗೆ ಪುಡಿಪುಡಿ.

ಗಾಳಿ ಎದ್ದರೆ ಮೊದಲು ಹರಿಯುವುದು ಮೂಲೆಯ ಕಬ್ಬಿಣದ ಕಣ್ಣು. ಅದನ್ನು ನೆಚ್ಚಬೇಡಿ. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಅಂಚಿನಿಂದ ಒಂದು ಗೇಣು ಒಳಗೆ ಟಾರ್ಪಾಲಿನ ಕೆಳಗಿಟ್ಟು, ಮೇಲಿನಿಂದ ಬಟ್ಟೆಯ ಸಮೇತ ಗಂಟಿನಂತೆ ಹಿಡಿದು, ಅದರ ಕತ್ತಿಗೆ ಜೀರುಗಂಟು ಹಾಕಿ ಎಳೆಯಿರಿ. ಎಷ್ಟು ಎಳೆದರೆ ಅಷ್ಟು ಬಿಗಿ. ತೂತು ಮಾಡುವ ಮಾತೇ ಇಲ್ಲ, ಬೇಕಾದ ಜಾಗದಲ್ಲಿ ಬೇಕಾದಷ್ಟು ಕಟ್ಟು ಸಿಗುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಗೂಟದ ಬದಲು ಗುಂಡುಕಲ್ಲಿಗೆ ಸುತ್ತಿ. ಕಲ್ಲು ಚಿಕ್ಕದಾದರೆ ಅದರ ಮುಂದೆ, ಟಾರ್ಪಾಲಿನ ಕಡೆಗೆ, ದೊಡ್ಡ ಕಲ್ಲೊಂದನ್ನು ಒರಗಿಸಿ. ಗಾಳಿ ಬರುವ ಕಡೆಯ ಅಂಚು ನೆಲಕ್ಕೆ ತಾಗಿರಲಿ. ಹಾಸುಬಂಡೆಯ ತಗ್ಗಿನಲ್ಲಿ ಮಾತ್ರ ಮಲಗಬೇಡಿ, ಎಲ್ಲೋ ಮೇಲೆ ಬಿದ್ದ ಮಳೆ ಅದೇ ದಾರಿಯಲ್ಲಿ ಇಳಿಯುತ್ತದೆ.

ಕೆಳಗೆ ಹಾಸಲು ಹಳೇ ಫ್ಲೆಕ್ಸ್ ಬ್ಯಾನರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಣ್ಣಪುಟ್ಟ ಮುಳ್ಳನ್ನು ತಡೆಯುತ್ತದೆ, ತೇವ ಏರಗೊಡುವುದಿಲ್ಲ. ಯೂರಿಯಾ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಬಟ್ಟೆಬರೆ ತುಂಬಲು ಆಗುತ್ತದೆ. ತಿನ್ನುವ ಪದಾರ್ಥಕ್ಕೆ ಅದು ಬೇಡವೇ ಬೇಡ.

ಹಗ್ಗ

ತಿಪಟೂರು, ಗುಬ್ಬಿ ಕಡೆಯ ತೆಂಗಿನ ನಾರಿನ ಹಗ್ಗ ನೀರಿಗೆ ಬೇಗ ಕೊಳೆಯುವುದಿಲ್ಲ, ಕಲ್ಲಿಗೆ ಸುತ್ತಿದರೆ ಒರಟಾಗಿರುವುದರಿಂದ ಜಾರುವುದಿಲ್ಲ. ಕತ್ತಾಳೆ ಹಗ್ಗ ಒಣಗಿದ್ದಾಗ ಗಟ್ಟಿ, ನೆನೆದು ನೆನೆದು ಒಳಗೇ ಲಡ್ಡಾಗುತ್ತದೆ. ನೈಲಾನು ಎಲ್ಲಕ್ಕಿಂತ ಬಲ, ಆದರೆ ಮಳೆಯಲ್ಲಿ ಹಿಗ್ಗುತ್ತದೆ, ಮಲಗುವ ಮುಂಚೆ ಇನ್ನೊಮ್ಮೆ ಬಿಗಿಯಬೇಕು. ನೈಲಾನಿನ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ನಾರಿನದಕ್ಕೆ ದಾರ ಸುತ್ತಿ ಕಟ್ಟಿ. ಎಮ್ಮೆ ದನ ಕಟ್ಟುವಾಗ ಹಾಕುವ, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಗಂಟೊಂದನ್ನು ಮನೆಯ ಹಿರಿಯರಿಂದ ಕಲಿತುಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ ಅದು ನೆನಪಾಗುತ್ತದೆ.

ಈ ಯಾವ ಹಗ್ಗವನ್ನೂ ಹಿಡಿದು ಬಂಡೆ ಹತ್ತಬೇಡಿ, ಇಳಿಯಬೇಡಿ. ಮನುಷ್ಯನ ಭಾರಕ್ಕೆ ಬೇರೆಯದೇ ಹಗ್ಗ, ಬೇರೆಯದೇ ತರಬೇತಿ ಇದೆ.

ನೀರು

ಬೇಸಿಗೆಯಲ್ಲಿ ನಡೆಯುವವರಿಗೆ ದಿನಕ್ಕೆ ತಲಾ 4 ಲೀಟರ್ ಕುಡಿಯಲೇ ಬೇಕು. ಬೆಟ್ಟದ ಮೇಲೆ ಸಿಗುತ್ತದೆ ಅಂತ ಹೋಗಬೇಡಿ. ದೊಣೆಯ (ಬಂಡೆಯ ಕುಳಿಯಲ್ಲಿ ನಿಂತ) ನೀರು ಶಿವರಾತ್ರಿಯ ಹೊತ್ತಿಗೆ ಪಾಚಿಗಟ್ಟಿರುತ್ತದೆ. ಅನಿವಾರ್ಯವಾದರೆ ನಾಲ್ಕು ಮಡಿಕೆ ಪಂಚೆಯಲ್ಲಿ ಸೋಸಿ, ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಪಾವಗಡ, ಶಿರಾ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಕುದಿಸಿದಷ್ಟೂ ನೀರು ಆವಿಯಾಗಿ ಅದು ಇನ್ನೂ ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನು ತುಂಬಿಕೊಂಡೇ ಹೊರಡಿ. ಕ್ಯಾನಿಗೆ ಗೋಣಿತಟ್ಟು ಸುತ್ತಿ ಹೊಲಿದು, ಆಗಾಗ ಸ್ವಲ್ಪ ನೀರು ಚಿಮುಕಿಸಿ ನೆರಳಿನಲ್ಲಿಟ್ಟರೆ ಮಧ್ಯಾಹ್ನಕ್ಕೂ ತಣ್ಣಗಿರುತ್ತದೆ.

ಊಟಕ್ಕೆ ನಾನು ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ ಒಯ್ಯುತ್ತೇನೆ. ಒಲೆಯೇ ಬೇಡ, ಒಂದು ತಂಬಿಗೆ ಸಾಕು. ಸ್ವಂತ ಹೊಲದಲ್ಲಿ ಬೆಂಕಿ ಹಾಕುವುದಾದರೆ ಸುತ್ತ ಎರಡು ಮಾರು ಹುಲ್ಲು ಕೆತ್ತಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಕಣಗಿಲೆ ಕಡ್ಡಿಯನ್ನು ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ.

ಕಾಲು

ಹಗುರ ರಬ್ಬರಿನ ಚಪ್ಪಲಿಯನ್ನು ಬಳ್ಳಾರಿ ಜಾಲಿಯ ಮುಳ್ಳು ಸೀದಾ ದಾಟಿ ಪಾದಕ್ಕೆ ಇಳಿಯುತ್ತದೆ. ಕುರಿಗಾಹಿಗಳು ಟೈರಿನ ಅಟ್ಟೆಯ ಎಕ್ಕಡ ಮೆಟ್ಟುವುದು ಸುಮ್ಮನೆ ಅಲ್ಲ. ಶೂ ಹಾಕುವವರು ಒಳಗೆ ಟೈರ್ ಟ್ಯೂಬಿನ ಎರಡು ಪದರವನ್ನು ಪಾದದ ಅಳತೆಗೆ ಕತ್ತರಿಸಿ ಹಾಕಿಕೊಳ್ಳಿ. ಸೊಂಟಕ್ಕೊಂದು ಮುಳ್ಳು ಕೀಳುವ ಚಿಮಟ ಇರಲಿ. ಬೆಳಿಗ್ಗೆ ಎದ್ದಾಗ ಶೂ, ಕಂಬಳಿ ಎರಡನ್ನೂ ಕೊಡವಿ, ಚೇಳು ಬೆಚ್ಚಗಿನ ಜಾಗ ಹುಡುಕುತ್ತಿರುತ್ತದೆ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಸಂಜೆಯೇ ನೋಡಿಟ್ಟುಕೊಂಡಿರಿ.

ಮನೆಗೆ ಬಂದ ದಿನ

ಎಷ್ಟೇ ಸುಸ್ತಾಗಿರಲಿ, ಮೂರು ಕೆಲಸ ಮುಗಿಸದೆ ನಾನು ಮಲಗುವುದಿಲ್ಲ. ಟಾರ್ಪಾಲು, ಹಗ್ಗ ನೆರಳಲ್ಲಿ ಹರವಬೇಕು, ಒದ್ದೆಯಲ್ಲಿ ಮಡಚಿಟ್ಟ ಹಗ್ಗ ಮುಂದಿನ ಸಲ ಕೈ ಕೊಡುತ್ತದೆ. ತಲೆಗೆ ಕಟ್ಟುವ ಟಾರ್ಚಿನ ಸೆಲ್ ತೆಗೆದಿಡಬೇಕು, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗು ತಿನ್ನುತ್ತದೆ. ಮಚ್ಚು ಒರೆಸಿ, ಎಣ್ಣೆ ಸವರಿ, ಟೈರಿನ ಒರೆಯಿಂದ ಹೊರಗೇ ತೂಗುಹಾಕಬೇಕು. ಒರೆಯೊಳಗೆ ಉಳಿದ ಬೆವರಿನಂಥ ತೇವಕ್ಕೆ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ.